ಜಪಾನಿನ ಸಾಣೆಕಲ್ಲಿಗೆ ನಂಬರ್ ಹಚ್ಚಿ ಮಾರಬ್ಯಾಡ್ರಿ

ಮಾನ್ಯ ಸಂಪಾದಕರಿಗೆ ನಮಸ್ಕಾರ್ರೀ,

ನಮ್ಮ ಕಲಬುರಗ್ಯಾಗ ಈಗೀಗ ಮತ್ತ ಉಸ್ತರಾದಿಂದ ಮನ್ಯಾಗೇ ಗಡ್ಡ ಮಾಡ್ಕೊಳ್ಳೋ ಹುಡುಗ್ರು ಕಾಣ್ಲಿಕತ್ತಾರ, ಇಂಜಿನಿಯರಿಂಗ್ ಓದೋರು, ಬ್ಯಾಂಕಿನ್ಯಾಗ ಇರೋರು, ಅಜ್ಜನ ಟ್ರಂಕಿನ್ಯಾಗ ಸಿಕ್ಕ, ಜರ್ಮನಿಯ ಸೋಲಿಂಗೆನ್ ಇಲ್ಲಾ ಇಂಗ್ಲೆಂಡಿನ ಶೆಫೀಲ್ಡ್ ಊರಿನ ಹೆಸರು ಬರದಿರೋ ಹಳೇ ಉಸ್ತರಾ ತಗೊಂಡು ನಮ್ಮ ಕಟಿಂಗ್ ಅಂಗಡಿಗೆ ಬರ್ತಾರ, ಧಾರ ಹಚ್ಚಿ ಕೊಡ್ರಿ ಅಂತಾರ. ನನಗ ಭಾಳ ಖುಷಿ ಆಗ್ತದ. ಆದ್ರ ಅದರ ಜೊತಿಗೇ ಕೆಲವರ ಕೈಯಾಗ ಆನ್‌ಲೈನ್ ತರಿಸಿದ್ದು ಇಲ್ಲಾ ಇಲ್ಲೇ ಅಂಗಡ್ಯಾಗ ತಗೊಂಡಿದ್ದು ಒಂದು ಜಪಾನಿನ ನೈಸರ್ಗಿಕ ಸಾಣೆಕಲ್ಲೂ ಇರ್ತದ, ಸಾವಿರಾರು ರೂಪಾಯಿ ಕೊಟ್ಟಿರ್ತಾರ, ಡಬ್ಬಿ ಮ್ಯಾಲ 12000 ಗ್ರಿಟ್, 30000 ಗ್ರಿಟ್ ಅಂತ ಅಚ್ಚು ಹಾಕಿರ್ತಾರ. ಈ ನಂಬರಿನ ಸಲುವಾಗೇ ಈ ಪತ್ರ ಬರೀಲಿಕತ್ತೀನಿ.

ಗ್ರಿಟ್ ನಂಬರ್ ಅಂದ್ರ ಕಲ್ಲಿನ ಕಣ ಎಷ್ಟು ಸಣ್ಣದು ಅಂತ ಹೇಳೋ ನಂಬರ್, ನಂಬರ್ ದೊಡ್ಡದಾದಷ್ಟೂ ಕಣ ಸಣ್ಣದು; ಅದು ಫ್ಯಾಕ್ಟರ್ಯಾಗ ಮಾಡಿದ ಕಲ್ಲಿಗೆ ಸೇರಿದ್ದು. ಅಲ್ಲಿ ಅರೆಯೋ ಪುಡೀನ ಒಂದೇ ಸೈಜಿಗೆ ಬೇರೆ ಮಾಡಿ ಕಲ್ಲು ಕಟ್ಟ್ತಾರ, ಜಪಾನಿನ ಲೆಕ್ಕದಾಗ 1000 ಅಂದ್ರ ಕಣ ಸುಮಾರು 11-12 ಮೈಕ್ರಾನ್ (ಒಂದು ಮೈಕ್ರಾನ್ ಅಂದ್ರ ಮಿಲಿಮೀಟರಿನ ಸಾವಿರದಾಗ ಒಂದು ಪಾಲು), 8000 ಅಂದ್ರ ಸುಮಾರು 1.2 ಮೈಕ್ರಾನ್. ಕ್ಯೋಟೋ ಸುತ್ತಮುತ್ತಲಿನ ಗುಡ್ಡದಾಗ ಸಿಗೋ ಕಲ್ಲಿನ ಕಣ ಯಾರು ಬೇರೆ ಮಾಡ್ಯಾರ್ರೀ? ಸುಮಾರು 25 ಕೋಟಿ ವರ್ಷದ ಹಿಂದ ಆಳ ಸಮುದ್ರದ ತಳದಾಗ ಸಣ್ಣ ಸಣ್ಣ ಸಿಲಿಕಾ ಜೀವಿಗಳ ಚಿಪ್ಪು, ನುಣುಪು ಮಣ್ಣು ಪದರು ಪದರಾಗಿ ಕುಂತು ಗಟ್ಟಿ ಆಗಿದ್ದು ಅದು. ಒಂದೇ ಗಣಿ, ಒಂದೇ ಪದರಿನ್ಯಾಗ ತೆಗೆದ ಎರಡು ಕಲ್ಲು ಕೂಡ ಒಂದೇ ಥರ ಕೆಲಸ ಮಾಡೂದಿಲ್ಲ. ಕಲ್ಲು ಬಲ್ಲೋರು ಅದರ ಗಡಸುತನ ಎಷ್ಟು, ಯಾವ ಗಣಿ, ಯಾವ ಪದರು, ಗೆರೆ-ಬಿರುಕು ಅವನೋ ಇಲ್ಲೋ ಅಂತ ಕೇಳ್ತಾರ. ನಕಾಯಾಮಾ, ಓಝುಕು, ಶೋಬುದಾನಿ ಇವೆಲ್ಲಾ ಹೆಸರುವಾಸಿ ಗಣಿ, ಆದ್ರ ಕ್ಯೋಟೋದ ಗಣಿ ಬಹುತೇಕ ಮುಚ್ಚ್ಯಾವ, ಹಳೇ ಸ್ಟಾಕೇ ಕೈಯಿಂದ ಕೈಗೆ ಓಡಾಡ್ತದ, ಅದಕ್ಕೇ ರೇಟ್ ಏರ್ಯದ, ಗಣಿ ಹೆಸರಿನ ನಕಲಿ ಸೀಲ್ ಒತ್ತಿ ಮಾರೋದೂ ಶುರು ಆಗ್ಯದ. ಸೀಲ್ ನೋಡಿ ರೊಕ್ಕ ಕೊಡಬ್ಯಾಡ್ರಿ.

ಇನ್ನೊಂದು ಮಾತು, ಇದು ಭಾಳ ಮುಖ್ಯ. ಆ ಜಪಾನಿನ ಕಲ್ಲು ಕಟ್ಟಕಡೀಗೆ ಬರೋದು. ಮೊಂಡ ಆದ ಉಸ್ತರಾನ ಸೀದಾ ತಂದು ಅದರ ಮ್ಯಾಲ ತಿಕ್ಕಿದ್ರ ದಿನಾ ಪೂರ್ತಿ ತಿಕ್ಕಿದ್ರೂ ಧಾರ ಬರೂದಿಲ್ಲ, ಯಾಕಂದ್ರ ಅದು ಲೋಹ ತೆಗೆಯೋದು ಭಾಳ ಕಡಿಮಿ. ಮೊದಲು 1000 ನಂಬರಿನ ಫ್ಯಾಕ್ಟರಿ ಕಲ್ಲಿನ ಮ್ಯಾಲ ಉಸ್ತರಾದ ಎರಡೂ ಮೈ ಹಿಮ್ಮಡಿಯಿಂದ (ಹಿಡಿಕಿ ಕಡೆಯ ಮೂಲಿಯಿಂದ) ತುದಿತನಕ ಒಂದೇ ಗೆರಿಗೆ ಕೂಡಬೇಕು, ಆಮ್ಯಾಲ 4000-5000, ಆಮ್ಯಾಲ 8000. ಉಸ್ತರಾದ ಬೆನ್ನು ಮತ್ತು ಧಾರ ಎರಡೂ ಕೂಡೇ ಕಲ್ಲಿಗೆ ತಾಗಿರಬೇಕು, ಬೆನ್ನಿನ ದಪ್ಪಾನೇ ಕೋನ ಹಿಡೀತದ, ನಾವು ಅಂದಾಜು ಹಾಕೋ ಜರೂರತ್ತಿಲ್ಲ. ಧಾರ ಮುಂದ ಮಾಡಿ ನಡಸೋದು, ಹೊಳ್ಳಿಸೋವಾಗ ಬೆನ್ನಿನ ಮ್ಯಾಲ ಹೊಳ್ಳಿಸೋದು. ಲೈಟಿನ ಕೆಳಗ ಭೂತಗನ್ನಡ್ಯಾಗ ನೋಡಿದ್ರ ಧಾರದ ತುದಿ ಎಲ್ಲೂ ಹೊಳೀಬಾರ್ದು, ಹೊಳೀತದ ಅಂದ್ರ ಅಲ್ಲಿ ಇನ್ನೂ ಮೊಂಡ ಅದ ಅಂತ ತಿಳೀರಿ, ಮುಂದಿನ ಕಲ್ಲಿಗೆ ಹೋಗಬ್ಯಾಡ್ರಿ. ನನ್ನ ಹತ್ರ ಬರೋ ಹತ್ತರಾಗ ಎಂಟು ಉಸ್ತರಾದಾಗ ಗೋಳಿರೋದು ಈ ಮೊದಲನೇ ಮೆಟ್ಟಿಲಿನ್ಯಾಗೇ, ಆದ್ರ ಬೈಸ್ಕೊಳ್ಳೋದು ಜಪಾನಿನ ಕಲ್ಲು.

ಇಷ್ಟಾದ ಮ್ಯಾಲ ಆ ಕಲ್ಲಿನ ಕೆಲಸ ನೋಡ್ರಿ, ಅದರಂಥಾ ಸುಖ ಇಲ್ಲ. ಎಣ್ಣಿ ಬ್ಯಾಡ, ಬರೇ ನಾಲ್ಕು ಹನಿ ನೀರು. ನಾಗುರಾ ಅಂತ ಸಣ್ಣ ತುಂಡುಕಲ್ಲು ಇರ್ತದ, ಅದರಿಂದ ಮ್ಯಾಲ ಮೆಲ್ಲಕ ತಿಕ್ಕಿದ್ರ ಹಾಲಿನಂಥಾ ತಿಳಿ ರಾಡಿ ಏಳ್ತದ, ಧಾರಕ್ಕ ಕೆಲಸ ಮಾಡೋದು ಆ ರಾಡಿ. ಐಚಿ ಪ್ರಾಂತದ ಮಿಕಾವಾ ನಾಗುರಾದಾಗ ಬೋತನ್, ತೆಂಜೋ, ಮೆಜಿರೋ, ಕೋಮಾ ಅಂತ ಒರಟಿನಿಂದ ನುಣುಪಿನ ತನಕ ದರ್ಜೆ ಅವ, ಕೆಲವರು ಮಿಕಾವಾ ಬದಲಿಗೆ ಕೆಳಗಿನ ಸಾಣೆಕಲ್ಲಿನಂಥಾದ್ದೇ ಒಂದು ತುಂಡು ತಿಕ್ಕ್ತಾರ. ರಾಡಿ ಗಟ್ಟಿ ಇದ್ದಾಗ ಕೆಲಸ ಜಲ್ದಿ, ಆದ್ರ ಅದರಾಗೇ ಕೊನೀ ತನಕ ಆಡಿಸಿದ್ರ ಧಾರದ ತುದಿ ಆ ಕಣಕ್ಕ ಬಡದು ಬಡದು ದುಂಡಗ ಆಗ್ತದ, ಅದಕ್ಕ ಹನಿ ಹನಿ ನೀರು ಹಾಕ್ತಾ ತೆಳ್ಳಗ ಮಾಡ್ಕೋತ ಕಡೀಗೆ ಬರೇ ನೀರಿಗೆ ಬರಬೇಕು. ಕೈಯ ಒತ್ತಡ ಅಂದ್ರ ಉಸ್ತರಾದ ಭಾರ ಅಷ್ಟೇ, ಒತ್ತಬ್ಯಾಡ್ರಿ. ಸರಿಯಾಗಿ ಬಂತಂದ್ರ ಉಸ್ತರಾ ಕಲ್ಲಿಗೆ ಅಂಟಿದಂಗ ಎಳೀತದ, ಕೈಗೇ ಗೊತ್ತಾಗ್ತದ. ಆಮ್ಯಾಲ ಚರ್ಮದ ಪಟ್ಟಾ, ಇಲ್ಲಿ ಮಾತ್ರ ಬೆನ್ನು ಮುಂದ, ಧಾರ ಹಿಂದ. ನಮ್ಮ ಹಿರ್ಯಾರು ಅಂಗೈ ಮ್ಯಾಲೂ ಆಡಿಸ್ತಿದ್ರು, ಹೊಸಬ್ರು ಅದನ್ನ ಮಾಡ್ಲಿಕ್ಕೆ ಹೋಗಬ್ಯಾಡ್ರಿ.

ಭಾಳ ಮಂದಿ ಕೇಳ್ತಾರ, ನಮ್ಮ ಶಹಾಬಾದ್ ಕಲ್ಲೂ ಪದರು ಪದರಾಗೇ ಏಳ್ತದಲ್ಲ, ನುಣುಪೂ ಅದ, ಅದೇ ಯಾಕ ಬ್ಯಾಡ ಅಂತ. ಛಲೋ ಪ್ರಶ್ನೆ. ಶಹಾಬಾದ್ ಕಲ್ಲು ಸುಣ್ಣದ ಕಲ್ಲು ರೀ, ಅದರಾಗಿನ ಮುಖ್ಯ ಖನಿಜ ಕ್ಯಾಲ್ಸೈಟ್, ಖನಿಜಗಳ ಗಡಸುತನದ 1ರಿಂದ 10ರ ತನಕದ ಅಳತ್ಯಾಗ ಅದು 3, ಗಟ್ಟಿ ಮಾಡಿದ ಉಕ್ಕಿನಕಿಂತ ಮೆತ್ತಗ. ಜಪಾನಿನ ಕಲ್ಲಿನ್ಯಾಗ ಉಕ್ಕು ಕೊರಿಯೋದು ಸಿಲಿಕಾ, ಅದರದು 7. ನೆಲಕ್ಕ ಹಾಸಲಿಕ್ಕ, ಗ್ವಾಡಿ ಕಟ್ಟಲಿಕ್ಕ ನಮ್ಮ ಕಲ್ಲಿಗೆ ಸಾಟಿ ಇಲ್ಲ, ಉಸ್ತರಾಕ್ಕ ಮಾತ್ರ ಅದು ಒಗ್ಗೂದಿಲ್ಲ.

ಈಗಾಗ್ಲೇ ತಗೊಂಡೋರಿಗೆ ಒಂದು ಮಾತು. ನಮ್ಮ ಬ್ಯಾಸಗಿ ಹೆಂಗಂತ ಗೊತ್ತೇ ಅದ, ಹಸೀ ಕಲ್ಲನ್ನ ಮಾಳಿಗಿ ಮ್ಯಾಲ ಬಿಸಲಿಗೆ ಒಣಗಿಸಿದ್ರ ಪದರು ಬಿಟ್ಟು ಒಡೀತದ. ನೆರಳಾಗೇ ಒಣಗಿಸ್ರಿ, ನೀರಾಗ ನೆನೆ ಹಾಕಬ್ಯಾಡ್ರಿ, ನಾಲ್ಕೂ ಬದಿಗೆ ಮತ್ತು ತಳಕ್ಕ ವಾರ್ನಿಶ್ ಹೊಡೀರಿ, ಜಪಾನಿನ್ಯಾಗೂ ಬದಿಗೆ ಮೆರುಗೆಣ್ಣಿ ಬಳೀತಾರ.

ಮತ್ತ ಇದನ್ನ ಓದಿ ಯಾರೂ ಅಂಗಡ್ಯಾಗ ಒಂದೇ ಉಸ್ತರಾದಿಂದ ಹತ್ತು ಮಂದಿ ಗಡ್ಡ ಮಾಡ್ಲಿಕ್ಕೆ ಶುರು ಮಾಡಬಾರ್ದು. ಹೆಪಟೈಟಿಸ್ ಬಿ, ಎಚ್‌ಐವಿ ರಕ್ತದಿಂದ ಹರಡೋ ರೋಗ, ಗಿರಾಕಿಗೆ ಪ್ರತಿ ಸಲ ಹೊಸ ಬ್ಲೇಡೇ ಆಗಬೇಕು, ನಾನೂ ಹಂಗೇ ಮಾಡ್ತೀನಿ. ಉಸ್ತರಾ ಮನಿಗೆ, ಒಬ್ಬರಿಗೆ ಒಂದು.

ನಮ್ಮ ಊರಾಗ ಈ ಕಲ್ಲು ತರಿಸಿ ಮಾರೋರಿಗೆ ನನ್ನ ವಿನಂತಿ ಇಷ್ಟೇ: ಡಬ್ಬಿ ಮ್ಯಾಲಿನ ನಂಬರ್ ಅಳಿಸ್ರಿ, ಗೊತ್ತಿದ್ರ ಗಣಿ ಹೆಸರು ಹೇಳ್ರಿ, ಗೊತ್ತಿಲ್ಲಂದ್ರ ಗೊತ್ತಿಲ್ಲ ಅನ್ರಿ, ರೊಕ್ಕ ಇಸ್ಕೊಳ್ಳೋಕಿಂತ ಮೊದಲು ಗಿರಾಕಿಗೆ ಅವನ ಉಸ್ತರಾನೇ ಆ ಕಲ್ಲಿನ ಮ್ಯಾಲ ಸ್ವಲ್ಪ ಆಡಿಸಿ ನೋಡ್ಲಿಕ್ಕೆ ಬಿಡ್ರಿ. ಕಲ್ಲು ತಗೊಂಡು ಕೆಲಸ ತಿಳೀದಿರೋ ಹುಡುಗ್ರು ಯಾವುದಾದ್ರೂ ಹಳೇ ಕಟಿಂಗ್ ಅಂಗಡಿಗೆ ಹೋಗಿ ಕೇಳ್ರಿ, ಪಟ್ಟಾ ಹಿಡಿಯೋದು ಗೊತ್ತಿರೋ ಹಿರ್ಯಾರು ನಮ್ಮ ಊರಾಗ ಇನ್ನೂ ಅದಾರ, ಕೇಳಿದ್ರ ತೋರಸ್ತಾರ.

ಇಂತಿ,
ಒಬ್ಬ ಕ್ಷೌರಿಕ ಓದುಗ,
ಬ್ರಹ್ಮಪುರ, ಕಲಬುರಗಿ