ಬಿಡುವ ಮುನ್ನ ಅಲ್ಲಿನ ಬೇಸರವನ್ನೂ ನೋಡು

ಚಿರಂಜೀವಿ ಮಗಳಿಗೆ ನಿನ್ನ ದೊಡ್ಡಮ್ಮ ಮಾಡುವ ಆಶೀರ್ವಾದಗಳು.

ನಿನ್ನ ಉದ್ದನೆಯ ಪತ್ರ ತಲುಪಿತು. ಓದಿ ಮುಗಿಸುವಷ್ಟರಲ್ಲಿ ನಿನ್ನಮ್ಮನ ಫೋನೂ ಬಂತು. "ಅಕ್ಕಾ, ಕೈಯಲ್ಲಿರುವ ಕೆಲಸ ಬಿಡುತ್ತಾಳಂತೆ, ನೀನಾದರೂ ಬುದ್ಧಿ ಹೇಳು" ಎಂದಳು. ಬುದ್ಧಿ ಹೇಳುವುದೆಂದರೆ ಬೇಡ ಎನ್ನುವುದೆಂದೇ ಅವಳ ಲೆಕ್ಕ. ನಾನು ಬೇಡ ಎನ್ನುವುದಿಲ್ಲ. ಆದರೆ ಒಂದು ವಿಷಯ ಕಣ್ಣಿಗೆ ಬಿತ್ತು. ಸಾಫ್ಟ್‌ವೇರ್ ಪರೀಕ್ಷಿಸುವ ಈ ಕೆಲಸ ಏಕೆ ಬಿಡಬೇಕು ಎಂಬುದಕ್ಕೆ ಪುಟಗಟ್ಟಲೆ ಬರೆದಿದ್ದೀಯ. ಬಿಟ್ಟು ಎಲ್ಲಿಗೆ ಹೋಗುತ್ತೀಯ ಎಂಬುದಕ್ಕೆ ಮಾತ್ರ "ಸಾರ್ವಜನಿಕ ಆರೋಗ್ಯದಲ್ಲಿ ಸಂಶೋಧನೆ ಮಾಡಬೇಕು" ಎಂಬ ಒಂದೇ ಸಾಲು.

ಪತ್ರದ ಬಹುಭಾಗ ನಿನ್ನ ಮೇಲಧಿಕಾರಿಯ ಕಥೆ. ಬೇಸರ ಬರೀ ಅವರಿಂದಾಗಿದ್ದರೆ ವಿಭಾಗ ಬದಲಿಸಿ ನೋಡು ಎಂದು ಎರಡು ಮಾತಿನಲ್ಲಿ ಮುಗಿಸುತ್ತಿದ್ದೆ. ನನ್ನ ಮನಸ್ಸು ತಿರುಗಿದ್ದು ನೀನು ನಡುವೆ ಎಲ್ಲೋ ಬರೆದ ಒಂದು ಮಾತಿನಿಂದ: ಕಳೆದ ಬಾರಿ ಎಲ್ಲರೆದುರು ನಿನ್ನನ್ನು ಹೊಗಳಿದಾಗಲೂ ನಿನಗೆ ಏನೂ ಅನ್ನಿಸಲಿಲ್ಲ ಎಂದೆಯಲ್ಲ, ಅದು. ಬೈಗುಳ ತಿಂದ ದಿನ ಯಾರಿಗಾದರೂ ಕೆಲಸ ಬೇಡವೆನ್ನಿಸುತ್ತದೆ. ಹೊಗಳಿಕೆಯ ದಿನವೂ ಹಾಗೆಯೇ ಅನ್ನಿಸಿದರೆ ಆ ಕೆಲಸದಲ್ಲಿ ನಿನ್ನ ಮನಸ್ಸಿಲ್ಲ ಎಂದೇ ಅರ್ಥ. ಆದ್ದರಿಂದ ನೀನು ಬಿಡಬೇಕು ಎನ್ನುವುದಕ್ಕೆ ನನ್ನ ತಕರಾರಿಲ್ಲ. ಯಾವಾಗ, ಹೇಗೆ ಎಂಬುದರಲ್ಲಿ ಇದೆ.

ದೂರದ ಬೆಟ್ಟ ನುಣ್ಣಗೆ. ಸಂಶೋಧನೆ ಎಂದೊಡನೆ ನಿನ್ನ ಕಣ್ಣ ಮುಂದೆ ಬರುವುದು ಸಾವಿರಾರು ಜನರ ಪ್ರಾಣ ಉಳಿಸಿದ ವರದಿ. ಪರಿಚಯದ ಸಂಶೋಧಕಿಯೊಬ್ಬಳು ಒಮ್ಮೆ ಲ್ಯಾಪ್‌ಟಾಪ್ ತಿರುಗಿಸಿ ತನ್ನ ಕೆಲಸ ತೋರಿಸಿದ್ದಳು. ಸಮೀಕ್ಷೆಯ ಉದ್ದನೆಯ ಪಟ್ಟಿ. ವಯಸ್ಸಿನ ಕಾಲಂನಲ್ಲಿ ಒಬ್ಬರಿಗೆ 205 ಎಂದಿತ್ತು. ಅದು 20 ಇರಬೇಕೋ 25 ಇರಬೇಕೋ? ಊಹಿಸುವ ಹಾಗಿಲ್ಲ, ಕೈಯಲ್ಲಿ ತುಂಬಿದ ಮೂಲ ನಮೂನೆಯನ್ನೇ ಹುಡುಕಬೇಕು. ಮಗುವಿನ ತೂಕವನ್ನು ಒಬ್ಬರು ಕಿಲೋದಲ್ಲಿ ಬರೆದಿದ್ದರೆ ಇನ್ನೊಬ್ಬರು ಗ್ರಾಂನಲ್ಲಿ. ಪಟ್ಟಿಯ ಒಂದು ಚೌಕ ಖಾಲಿ ಇದ್ದರೆ, ಉತ್ತರಿಸಬೇಕಾದ ಹೆಂಗಸು ಉತ್ತರ ಕೊಡಲಿಲ್ಲವೋ, ಕೇಳಿದವರೇ ಪ್ರಶ್ನೆ ಹಾರಿಸಿದರೋ? ದಿನವೆಲ್ಲ ಇದೇ. ಸಂಜೆ ನಾಲ್ಕಾದರೂ ಅವಳು ಮೊದಲ ಕಾಲಂಗಳಲ್ಲೇ ಇದ್ದಳು, ಆದರೆ ಮುಖದಲ್ಲಿ ಆಯಾಸವಿತ್ತೇ ಹೊರತು ಅಸಹ್ಯವಿರಲಿಲ್ಲ.

ನೀನು ಓದಿಯೇ ಇರುತ್ತೀಯ, 1854ರಲ್ಲಿ ಲಂಡನ್ನಿನಲ್ಲಿ ಕಾಲರಾ ಹರಡಿದಾಗ ಜಾನ್ ಸ್ನೋ ಎಂಬ ವೈದ್ಯ ರೋಗ ನೀರಿನಿಂದ ಹರಡುತ್ತದೆಂದು ಬೀದಿಯ ನೀರಿನ ಪಂಪಿನ ಹಿಡಿಕೆ ತೆಗೆಸಿದ ಕಥೆ. ಎಲ್ಲರ ಬಾಯಲ್ಲೂ ಆ ಹಿಡಿಕೆಯದೇ ಮಾತು. ಅದೇ ವರ್ಷ ಅವನು ದಕ್ಷಿಣ ಲಂಡನ್ನಿನಲ್ಲಿ ಸಾವಾದ ಮನೆಗಳ ಬಾಗಿಲು ತಟ್ಟುತ್ತ, ನಿಮಗೆ ಯಾವ ಕಂಪನಿಯ ನೀರು ಎಂದು ಕೇಳುತ್ತ ಅಲೆದದ್ದನ್ನು ಹೇಳುವವರು ಕಡಿಮೆ. ಬಹಳ ಮಂದಿಗೆ ಉತ್ತರವೇ ಗೊತ್ತಿರಲಿಲ್ಲ. ಆಗ ಅವನು ನೀರಿನ ಮಾದರಿ ತಂದು, ಕಂಪನಿಯಿಂದ ಕಂಪನಿಗೆ ಬೇರೆಯಾಗಿದ್ದ ಉಪ್ಪಿನ ಅಂಶವನ್ನು ಸಿಲ್ವರ್ ನೈಟ್ರೇಟ್ ಎಂಬ ರಾಸಾಯನಿಕದಿಂದ ಪರೀಕ್ಷಿಸಿ, ಯಾವ ಕಂಪನಿಯ ನೀರೆಂದು ಪತ್ತೆಹಚ್ಚುತ್ತಿದ್ದ. ಇದೆಲ್ಲ ನಡೆದದ್ದು ರೋಗಿಗಳಿಗೆ ಅರಿವಳಿಕೆ ಕೊಡುವ ತನ್ನ ವೃತ್ತಿಯ ಜೊತೆಜೊತೆಗೇ. ನಿನಗೆ ಹಿಡಿಕೆ ಇಷ್ಟವೋ, ಬಾಗಿಲು ತಟ್ಟುವುದು ಇಷ್ಟವೋ? ನಿನ್ನ ಉತ್ತರ ತಿಳಿಯದೆ ನಾನು ಹೂಂ ಎನ್ನಲಾರೆ. ಯಾವ ಕ್ಷೇತ್ರಕ್ಕೆ ಹೋದರೂ ದಿನದ ಮುಕ್ಕಾಲು ಪಾಲು ಏಕತಾನದ ಕೆಲಸವೇ. ಅಲ್ಲಿನ ಬೇಸರ ನಿನ್ನಿಂದ ಸಹಿಸಲಾಗುವಂಥದೇ ಎಂದು ನೋಡಿಕೊಳ್ಳಬೇಕು.

ನೋಡಿಕೊಳ್ಳುವುದಕ್ಕೆ ಕೆಲಸ ಬಿಡಬೇಕಾಗಿಲ್ಲ. ಸಾರ್ವಜನಿಕವಾಗಿ ಸಿಗುವ ಆರೋಗ್ಯ ದತ್ತಾಂಶ ಬೇಕಾದಷ್ಟಿದೆ. ಒಂದನ್ನು ಇಳಿಸಿಕೊಂಡು ವಾರದ ಸಂಜೆಗಳಲ್ಲಿ ಒಬ್ಬಳೇ ಕುಳಿತು ಅದರಲ್ಲಿನ ತಪ್ಪುಗಳನ್ನು ಹುಡುಕಿ ಸ್ವಚ್ಛ ಮಾಡಿ ನೋಡು. ಸಂಖ್ಯಾಶಾಸ್ತ್ರದ ಒಂದು ಪಾಠವನ್ನು ಮೊದಲಿನಿಂದ ಕೊನೆಯವರೆಗೆ ಮುಗಿಸು. ಸಾಫ್ಟ್‌ವೇರ್ ಪರೀಕ್ಷಿಸುವ ಈ ಕೆಲಸದಲ್ಲಿ ಇಷ್ಟು ವರ್ಷ ಹಾಳಾಯಿತು ಎಂದು ಬರೆದಿದ್ದೀಯ. ನನಗೆ ಹಾಗನ್ನಿಸುವುದಿಲ್ಲ. ಬೇರೆಯವರ ಕಣ್ಣು ತಪ್ಪಿಸಿಕೊಂಡ ದೋಷವನ್ನು ಹಿಡಿದು, ಎಲ್ಲಿ ಹುಟ್ಟಿತು ಎಂದು ಹಿಂದೆ ಹಿಂದೆ ಹೋಗುವುದು ನಿನ್ನ ಈಗಿನ ಕಸುಬು. ಆ 205ನ್ನು ಹಿಡಿಯುವುದಕ್ಕೂ ಅದೇ ಬೇಕು.

ಸಿ. ವಿ. ರಾಮನ್ 1907ರಲ್ಲಿ ಸರ್ಕಾರದ ಹಣಕಾಸು ಇಲಾಖೆ ಸೇರಿದರು. ಕಲ್ಕತ್ತೆಯಲ್ಲಿ ಕಚೇರಿಗೆ ಹೋಗುವ ಮೊದಲೂ ಕಚೇರಿ ಮುಗಿದ ಮೇಲೂ ಅಲ್ಲಿನ ವಿಜ್ಞಾನ ಸಂಸ್ಥೆಯ ಪ್ರಯೋಗಾಲಯದಲ್ಲಿ ತಂತಿಗಳ ಕಂಪನ, ವಾದ್ಯಗಳ ನಾದ ಎಂದು ಕುಳಿತಿರುತ್ತಿದ್ದರು. ನಡುವೆ ರಂಗೂನಿಗೂ ನಾಗಪುರಕ್ಕೂ ವರ್ಗವಾಗಿ ಬಂದರು. ಇಲಾಖೆ ಬಿಟ್ಟದ್ದು 1917ರಲ್ಲಿ, ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಹುದ್ದೆ ಕೈಗೆ ಬಂದ ಮೇಲೆ, ಅದೂ ಕಡಿಮೆ ಸಂಬಳಕ್ಕೆ ಒಪ್ಪಿಕೊಂಡು. ಎಲ್ಲರೂ ರಾಮನ್ ಆಗುವುದಿಲ್ಲ, ಅದು ನನಗೂ ಗೊತ್ತು. ನಾನು ನೋಡುವುದು ನೊಬೆಲ್ಲನ್ನಲ್ಲ, ಆ ಸಂಜೆಗಳನ್ನು. ಬಿಡುವ ಹೊತ್ತಿಗೆ ಅವರಿಗೆ ಹೊಸ ಕೆಲಸ ಹಳೆಯದಾಗಿತ್ತು.

ಇದಕ್ಕೆ ಒಂದು ಹೊರತಿದೆ. ನಿನ್ನ ಆರೋಗ್ಯ ಕೆಡುತ್ತಿದ್ದರೆ, ಅವಮಾನ ಮಾಡುತ್ತಿದ್ದರೆ, ಸುಳ್ಳು ಲೆಕ್ಕಕ್ಕೆ ಸಹಿ ಹಾಕು ಎನ್ನುತ್ತಿದ್ದರೆ ಈ ಅಳೆದು ಸುರಿಯುವುದೆಲ್ಲ ಬೇಡ. ಅಂದೇ ಹೊರಟು ಬಾ, ಮಿಕ್ಕದ್ದು ಆಮೇಲೆ ನೋಡೋಣ.

ಹಣದ ವಿಷಯ ನಿನಗೆ ನಾನು ಹೇಳಿಕೊಡಬೇಕಾಗಿಲ್ಲ. ಆದಾಯವಿಲ್ಲದೆ ಆರು ತಿಂಗಳಾದರೂ ನಡೆಯುವಷ್ಟು ಕೂಡಿಡು. ಆರೋಗ್ಯ ವಿಮೆ ಕಂಪನಿಯದಾಗಿದ್ದರೆ ಬಿಡುವ ಮೊದಲೇ ಸ್ವಂತದ್ದು ಮಾಡಿಸು. ಸಾಲವೇನಾದರೂ ಇದ್ದರೆ ಮೊದಲು ಅದನ್ನು ತೀರಿಸು.

ಪತ್ರದ ಜೊತೆ ಕಳಿಸಿದ್ದ ರಾಜೀನಾಮೆಯ ಕರಡನ್ನೂ ಓದಿದೆ. ಸಿಬ್ಬಂದಿ ವಿಭಾಗದಲ್ಲಿ ಕುಳಿತು ಇಂಥವು ಎಷ್ಟೋ ಓದಿದವಳು ನಾನು. ಉದ್ದನೆಯ ಪತ್ರ ಬರೆದವರು ಸಾಮಾನ್ಯವಾಗಿ ಇನ್ನೂ ಜಗಳದಲ್ಲೇ ಇರುತ್ತಿದ್ದರು. ಹೋಗುವ ದಾರಿ ಗೊತ್ತಿದ್ದವರದು ಮೂರು ಸಾಲು. ಮೇಲಧಿಕಾರಿಯ ವಿಷಯ ಪೂರ್ತಿ ತೆಗೆದುಹಾಕು. ಕೊನೆಯ ದಿನಾಂಕ, ಕೆಲಸ ಯಾರಿಗೆ ವಹಿಸುತ್ತೀಯ ಎಂಬುದು, ಒಂದು ಧನ್ಯವಾದ, ಅಷ್ಟು ಸಾಕು. ಸೂಚನಾ ಅವಧಿಯನ್ನು ಪೂರ್ತಿ ಮುಗಿಸು. ಅನುಭವ ಪತ್ರವನ್ನೂ ಬರಬೇಕಾದ ಬಾಕಿಯ ಲೆಕ್ಕವನ್ನೂ ಬರವಣಿಗೆಯಲ್ಲಿ ಪಡೆ. ಮುಂದೆ ನಿನ್ನ ಬಗ್ಗೆ ವಿಚಾರಿಸಲು ಫೋನು ಬರುವುದು ಅದೇ ಮೇಲಧಿಕಾರಿಗೆ, ಮರೆಯಬೇಡ.

ಬಿಟ್ಟು ಏನು ಮಾಡುತ್ತೀಯ ಎಂಬುದನ್ನು ನಿನ್ನಮ್ಮನಿಗೆ ನಾನೇ ಹೇಳುತ್ತೇನೆ ಎಂದು ಕಾಯಬೇಡ. ಮೊದಲು ನೀನು ಹೇಳು. ನನ್ನ ಬಾಯಿಂದ ಕೇಳಿದರೆ ಮಗಳು ತನ್ನನ್ನು ಬಿಟ್ಟು ಅಕ್ಕನ ಹತ್ತಿರ ಹೋದಳು ಎಂದು ಅವಳಿಗೆ ನೋವಾಗುತ್ತದೆ. ಆ ದತ್ತಾಂಶದ ಸಂಜೆಗಳು ಹೇಗಿದ್ದವೆಂದು ಎರಡು ತಿಂಗಳ ನಂತರ ನನಗೆ ಬರೆ. ಕಾಲಂ ಕಾಲಂ ವಿವರವಾಗಿ ಬರೆ, ನನಗೆ ಬೇಸರವಾಗುವುದಿಲ್ಲ.

ಇಂತಿ ನಿನ್ನ
ದೊಡ್ಡಮ್ಮ