ಅದೇ ಮ್ಯಾಡ್ರಿಡ್, ಬಾಸ್ಕೆಟ್‌ಬಾಲ್ ಸುದ್ದಿ ಮಾತ್ರ ಇಲ್ಲ

ಮಾನ್ಯ ಸಂಪಾದಕರೇ,

ರಿಯಲ್ ಮ್ಯಾಡ್ರಿಡ್ ಫುಟ್‌ಬಾಲ್ ತಂಡ ಗೆದ್ದರೂ ಸೋತರೂ ನಿಮ್ಮ ಕ್ರೀಡಾಪುಟದಲ್ಲಿ ಫೋಟೊ ಸಮೇತ ಸುದ್ದಿ ಇರುತ್ತದೆ. ಇರಲಿ, ನಾನೂ ಓದುತ್ತೇನೆ. ಆದರೆ ಅದೇ ಕ್ಲಬ್ಬಿನ ಬಾಸ್ಕೆಟ್‌ಬಾಲ್ ತಂಡ 11 ಸಲ ಯುರೋಪಿನ ಚಾಂಪಿಯನ್ ಆಗಿದೆ. ಅದರ ಬಗ್ಗೆ ಒಂದು ಸಾಲೂ ಕಾಣಿಸುವುದಿಲ್ಲ. ಬಾರ್ಸಿಲೋನಾ, ಗ್ರೀಸಿನ ಒಲಿಂಪಿಯಾಕೋಸ್ ಕ್ಲಬ್ಬುಗಳ ಕಥೆಯೂ ಇಷ್ಟೇ.

ಮಾಟುಂಗಾದಲ್ಲಿ ಸಂಜೆ ಹೊತ್ತು ಮಕ್ಕಳಿಗೆ ಬಾಸ್ಕೆಟ್‌ಬಾಲ್ ಹೇಳಿಕೊಡುವವನು ನಾನು. 2019ರಲ್ಲಿ ಇಲ್ಲೇ ಮುಂಬೈನ ವರ್ಲಿಯಲ್ಲಿ ಅಮೆರಿಕದ ವೃತ್ತಿಪರ ಲೀಗ್ ಎನ್‌ಬಿಎಯ ಪಂದ್ಯ ನಡೆದ ಮೇಲಂತೂ ಮಕ್ಕಳ ಬಾಯಲ್ಲಿ ಬರೀ ಎನ್‌ಬಿಎ. ತಪ್ಪೇನಿಲ್ಲ. ಆದರೆ ನಮ್ಮ ದೇಶದಲ್ಲಿ ಆಡುವುದು ಅಂತರರಾಷ್ಟ್ರೀಯ ಬಾಸ್ಕೆಟ್‌ಬಾಲ್ ಸಂಸ್ಥೆ ಫಿಬಾದ ನಿಯಮದ ಆಟ. ಯುರೋಪಿನ ದೊಡ್ಡ ಕ್ಲಬ್ಬುಗಳು ಆಡುವ ಯೂರೋಲೀಗ್ ಆಟವೂ ಹೆಚ್ಚುಕಡಿಮೆ ಅದೇ. ಎನ್‌ಬಿಎಯ ಹಾಗೆ 48 ನಿಮಿಷ ಅಲ್ಲ, 40. ಮೂರು ಪಾಯಿಂಟ್ ಗೆರೆ 7.24 ಮೀಟರ್ ಅಲ್ಲ, 6.75. ಎನ್‌ಬಿಎಯಲ್ಲಿ ಡಿಫೆಂಡರ್ ಎದುರಾಳಿಯನ್ನು ಕಾಯದೆ ಸುಮ್ನೆ ಬುಟ್ಟಿಯ ಕೆಳಗೆ ಮೂರು ಸೆಕೆಂಡಿಗಿಂತ ಜಾಸ್ತಿ ನಿಲ್ಲುವಂತಿಲ್ಲ. ಯುರೋಪಿನಲ್ಲಿ ಏಳಡಿ ಆಳು ಅಲ್ಲೇ ಬೇರೂರಿ ನಿಂತಿರುತ್ತಾನೆ. ಒಬ್ಬನೇ ನುಗ್ಗಿದರೆ ನಡೆಯುವುದಿಲ್ಲ, ಪಾಸ್ ಕೊಡಲೇಬೇಕು. ನಮ್ಮ ಮಕ್ಕಳು ನೋಡಿ ಕಲಿಯಬೇಕಾದ್ದು ಇದೇ ಅಲ್ವಾ?

2023ರ ಯೂರೋಲೀಗ್ ಫೈನಲ್ ನೋಡಿ. ಲಿಥುವೇನಿಯಾದ ಕೌನಸ್ ಊರು. ಒಲಿಂಪಿಯಾಕೋಸ್ ಒಂದು ಪಾಯಿಂಟ್ ಮುಂದಿತ್ತು. ಚೆಂಡು ಮ್ಯಾಡ್ರಿಡ್‌ನ ಸರ್ಜಿಯೊ ಯುಲ್ ಕೈಯಲ್ಲಿ. ವಯಸ್ಸು 35, ಎತ್ತರ ಆರಡಿ ಮೂರಂಗುಲ. ಎದುರಿಗೆ ಏಳಡಿ ಮೀರಿದ ಮುಸ್ತಫಾ ಫಾಲ್ ಕೈ ಎತ್ತಿಕೊಂಡು ಬಂದ. ಯುಲ್ ಹಿಂದಕ್ಕೆ ವಾಲಿ, ಆ ಕೈಯ ಮೇಲಿಂದ ಚೆಂಡನ್ನು ಎತ್ತರಕ್ಕೆ ಎಸೆದ. ನೇರ ಬುಟ್ಟಿಯೊಳಕ್ಕೆ! ಉಳಿದಿದ್ದು ಮೂರೇ ಸೆಕೆಂಡು. 79-78, ಮ್ಯಾಡ್ರಿಡ್ ಗೆದ್ದಿತು. ಕುಳ್ಳಗಿರುವ ಹುಡುಗರಿಗೆ ನಾನು ಈ ತುಣುಕನ್ನು ಮೊಬೈಲಿನಲ್ಲಿ ಮತ್ತೆ ಮತ್ತೆ ತೋರಿಸುತ್ತೇನೆ. ಆರಡಿಯೂ ಇಲ್ಲದ ಕಂಪಾಜೊ ಅದೇ ಕ್ಲಬ್ಬಿನ ಆಟ ನಡೆಸಿದವನು ಎಂದೂ ಹೇಳುತ್ತೇನೆ. ಮಕ್ಕಳ ಕಣ್ಮಣಿ, ಎನ್‌ಬಿಎ ತಾರೆ ಲೂಕಾ ಡಾನ್ಚಿಚ್ ಕೂಡ 13ನೇ ವಯಸ್ಸಿಗೆ ಮ್ಯಾಡ್ರಿಡ್ ಸೇರಿ, 2018ರಲ್ಲಿ ಯೂರೋಲೀಗ್ ಗೆದ್ದ ಮೇಲೆಯೇ ಅಮೆರಿಕಕ್ಕೆ ಹೋದವನು. ಇದನ್ನು ಕೇಳಿದ ಮಕ್ಕಳಿಗೆ ಆಶ್ಚರ್ಯವೋ ಆಶ್ಚರ್ಯ.

ಹೆಚ್ಚಿನ ಪಂದ್ಯಗಳು ಮುಗಿಯುವಾಗ ಇಲ್ಲಿ ನಡುರಾತ್ರಿ ದಾಟಿರುತ್ತದೆ. ಅಷ್ಟೊತ್ತಿಗೆ ನಿಮ್ಮ ಪುಟ ಅಚ್ಚಿಗೆ ಹೋಗಿರುತ್ತದೆ, ಗೊತ್ತು. ಒಂದು ದಿನ ತಡವಾದರೂ ಪರವಾಗಿಲ್ಲ. ಆದರೆ 2025ರ ಮೇ ತಿಂಗಳಲ್ಲಿ ಯೂರೋಲೀಗ್‌ನ ಕೊನೆಯ ನಾಲ್ಕು ತಂಡಗಳು ಸೆಣಸಿದ್ದು ಅಬುಧಾಬಿಯಲ್ಲಿ. ಮೊನಾಕೊ ತಂಡವನ್ನು 81-70ರಿಂದ ಸೋಲಿಸಿ ಟರ್ಕಿಯ ಫೆನೆರ್‌ಬಾಚೆ ಕಪ್ ಎತ್ತಿತು. ಮುಂಬೈ ಕನ್ನಡಿಗರಲ್ಲಿ ಗಲ್ಫ್‌ನಲ್ಲಿ ನೆಂಟರು ಇಲ್ಲದವರು ಎಷ್ಟು ಜನ? ಆಗಲೂ ನಿಮ್ಮಲ್ಲಿ ಸುದ್ದಿ ಇರಲಿಲ್ಲ. ನನಗೆ ನಿಜಕ್ಕೂ ಬೇಜಾರಾಯಿತು.

ವಾರಕ್ಕೊಮ್ಮೆ ಅಂಕಪಟ್ಟಿ, ಮೇ ತಿಂಗಳಲ್ಲಿ ಫೈನಲ್‌ನ ವರದಿ, ಇಷ್ಟು ಕೊಡಿ. ಬರೆಯುವವರು ಇಲ್ಲವಾದರೆ ಹೇಳಿ, ಪ್ರತಿ ಶನಿವಾರ ಬೆಳಿಗ್ಗೆ ನಾನೇ ಬರೆದು ಕಳುಹಿಸುತ್ತೇನೆ. ಸಂಭಾವನೆ ಬೇಡ.

– ಬಾಸ್ಕೆಟ್‌ಬಾಲ್ ತರಬೇತುದಾರ, ಮಾಟುಂಗಾ, ಮುಂಬೈ