ಕುರ್ಚಿ ಹಾಕಿದವರಿಗೆ, ಕಿವಿ ಕೊಟ್ಟವರಿಗೆ ವಂದನೆ

ಪಾಸ್ಖ (ಈಸ್ಟರ್) ಹಬ್ಬ ಮುಗಿಯಿತು. ಚರ್ಚಿನಿಂದ ದೂರ ಉಳಿದ ಕಥೋಲಿಕರಿಗೆಂದು ಇಟ್ಟುಕೊಂಡಿದ್ದ ಸಂಜೆ ಮಾತುಕತೆಗಳ ಮೊದಲ ಸುತ್ತೂ ಮುಗಿಯಿತು. ಕೈಜೋಡಿಸಿದ ಎಲ್ಲರಿಗೂ ನಮ್ಮ ತಂಡದ ವಂದನೆ. ಇಷ್ಟಕ್ಕೇ ನಿಲ್ಲಿಸಿದರೆ ಯಾರು ಏನು ಮಾಡಿದರೆಂದು ಗೊತ್ತಾಗುವುದಿಲ್ಲ. ಬೇರೆ ಧರ್ಮಕೇಂದ್ರದವರು ಇಂಥದ್ದನ್ನು ಶುರುಮಾಡುವುದಾದರೆ ಅವರಿಗೂ ಉಪಯೋಗಕ್ಕೆ ಬಂದೀತೆಂದು ಬಿಡಿಸಿ ಹೇಳುತ್ತಿದ್ದೇವೆ.

ಮೊದಲ ವಂದನೆ, ಬಾಗಿಲಲ್ಲಿ ನಿಂತು "ಇಷ್ಟು ವರ್ಷ ಎಲ್ಲಿದ್ರಿ?" ಎಂದು ಕೇಳದವರಿಗೆ. ಪ್ರೀತಿಯಿಂದ ಕೇಳಿದರೂ ಅದು ಲೆಕ್ಕ ಕೇಳಿದ ಹಾಗಿರುತ್ತದೆ. "ಬನ್ನಿ, ಕೂತ್ಕೊಳ್ಳಿ" ಎಂದರೆ ಸಾಕು. ಕುರ್ಚಿ ಜೋಡಿಸಿದವರು ವೇದಿಕೆಯ ಗೊಡವೆಗೆ ಹೋಗದೆ ಎಂಟು-ಹತ್ತನ್ನು ದುಂಡಗೆ ಇಟ್ಟು, ಬಾಗಿಲ ಪಕ್ಕದ ಎರಡನ್ನು ಖಾಲಿ ಬಿಡುತ್ತಿದ್ದರು. ಮಧ್ಯದಲ್ಲಿ ಎದ್ದು ಹೋಗಬೇಕೆನಿಸಿದವರು ಯಾರ ಎದುರೂ ಹಾದುಹೋಗಬೇಕಾಗಲಿಲ್ಲ. ಮೊದಲೆರಡು ಸಂಜೆ ಉಪದೇಶವಿಲ್ಲ, ಬರೀ ಕೇಳುವುದು. ಸತ್ಯೋಪದೇಶ (ಕ್ರೈಸ್ತ ಧರ್ಮಪಾಠ) ಕಲಿಸಿ ರೂಢಿಯಾದವರಿಗೆ ಇದೇ ಎಲ್ಲಕ್ಕಿಂತ ಕಷ್ಟ; ತಪ್ಪು ಕಿವಿಗೆ ಬಿದ್ದ ಕೂಡಲೇ ತಿದ್ದಬೇಕೆನಿಸುತ್ತದೆ. ತುಟಿ ಬಿಗಿದು ಕೂತ ಉಪದೇಶಿಗಳಿಗೆ ದೊಡ್ಡ ನಮಸ್ಕಾರ.

ಪಾಪನಿವೇದನೆಗೆ, ಎಂದರೆ ಪಾಪಗಳನ್ನು ಒಪ್ಪಿಕೊಂಡು ಕ್ಷಮೆ ಪಡೆಯುವುದಕ್ಕೆ, ಬೇರೆಯಾಗಿ ಸಮಯ ಕೊಟ್ಟ ಗುರುಗಳಿಗೆ (ಪಾದ್ರಿಗಳಿಗೆ) ಎಷ್ಟು ಹೇಳಿದರೂ ಕಡಿಮೆಯೇ. ಬಹಳ ವರ್ಷಗಳ ನಂತರ ಬಂದವರಿಗೆ ಹದಿನೈದು-ಇಪ್ಪತ್ತು ನಿಮಿಷ ಬೇಕಾಗುತ್ತದೆ. ಬಲಿಪೂಜೆಗೆ (ಚರ್ಚಿನ ಮುಖ್ಯ ಆರಾಧನೆಗೆ) ಮುಂಚಿನ ಸಾಲಿನಲ್ಲಿ ಅದು ಆಗುವ ಮಾತಲ್ಲ, ಹಿಂದೆ ನಿಂತವರ ಕೆಮ್ಮು ಕೇಳಿದರೇ ಮಾತು ನಿಲ್ಲುತ್ತದೆ. ಅನೇಕರನ್ನು ತಡೆದದ್ದು ಪಾಪದ ಭಾರಕ್ಕಿಂತ "ಜಪ ಮರೆತುಹೋಗಿದೆ" ಎಂಬ ನಾಚಿಕೆ. ಅದಕ್ಕೇ ಅಂಗೈಯಗಲದ ಚೀಟಿಯೊಂದನ್ನು ಅಚ್ಚುಹಾಕಿಸಿಟ್ಟಿದ್ದೆವು: ಹಿಂದಿನ ಪಾಪನಿವೇದನೆಯಾಗಿ ಸುಮಾರು ಎಷ್ಟು ವರ್ಷವಾಯಿತು ಎಂದು ಹೇಳಿ, ನೆನಪಿರುವ ಗಂಭೀರ ಪಾಪಗಳನ್ನು, ತಿಳಿದ ಮಟ್ಟಿಗೆ ಎಷ್ಟು ಸಲವೆಂಬುದರ ಸಮೇತ ಹೇಳಿ, ಬೇಕೆಂದೇ ಮುಚ್ಚಿಡದೆ ಮರೆತದ್ದಕ್ಕೂ ಕ್ಷಮೆಯುಂಟು. ಹಿಂಬದಿಯಲ್ಲಿ ಪಶ್ಚಾತ್ತಾಪದ ಜಪ. ಗುರುಗಳು ಕೇಳಿದ್ದನ್ನು ಯಾವ ಕಾರಣಕ್ಕೂ ಹೊರಗೆ ಹೇಳುವಂತಿಲ್ಲ ಎಂಬ ಸಾಲನ್ನು ದಪ್ಪಕ್ಷರದಲ್ಲಿ ಹಾಕಿಸಿದ್ದು ಒಳ್ಳೆಯದಾಯಿತು.

ಕಚೇರಿಯಲ್ಲಿ ಹಳೆಯ ದಫ್ತರಗಳನ್ನು ತಿರುವಿ ಹಾಕಿದವರ ಕೆಲಸ ಯಾರ ಕಣ್ಣಿಗೂ ಬೀಳುವುದಿಲ್ಲ. ಜ್ಞಾನಸ್ನಾನದ (ಕ್ರೈಸ್ತರಾಗುವ ಮೊದಲ ಸಂಸ್ಕಾರದ) ಪತ್ರ ಮನೆಯ ಪೆಟ್ಟಿಗೆಯಲ್ಲಿದ್ದರೂ ಮದುವೆಯ ವಿಷಯಕ್ಕೆ ಸಾಮಾನ್ಯವಾಗಿ ಕಳೆದ ಆರು ತಿಂಗಳೊಳಗೆ ಪಡೆದ ಪ್ರತಿಯನ್ನೇ ಕೇಳುತ್ತಾರೆ. ದೃಢೀಕರಣ ಸಂಸ್ಕಾರ, ಮದುವೆ ಎಲ್ಲವನ್ನೂ ಮೂಲ ದಫ್ತರದ ಅಂಚಿನಲ್ಲಿ ಬರೆದಿಡುವುದರಿಂದ, ಹೊಸ ಪ್ರತಿಯಲ್ಲಿ ಮಾತ್ರ ಇಂದಿನ ಸ್ಥಿತಿ ಕಾಣುತ್ತದೆ. ದಫ್ತರವೇ ಕಳೆದುಹೋಗಿದ್ದರೆ, ಯಾರಿಗೂ ತೊಂದರೆಯಾಗದ ಪಕ್ಷದಲ್ಲಿ, ನಂಬಿಕಸ್ಥ ಸಾಕ್ಷಿ ಒಬ್ಬರಿದ್ದರೂ ಆದೀತು. ಎರಡನೇ ಸಲ ಜ್ಞಾನಸ್ನಾನ ಮಾತ್ರ ಇಲ್ಲ. ಎಷ್ಟೇ ದೂರ ಹೋಗಿದ್ದರೂ ಮೊದಲಿನದ್ದು ಅಳಿಯುವುದಿಲ್ಲ.

ಮದುವೆಯ ಪ್ರಶ್ನೆಗಳನ್ನು ಗುಂಪಿನಲ್ಲಿ ಎತ್ತದೆ ಖಾಸಗಿಯಾಗಿ ಕೇಳಿಸಿಕೊಂಡವರಿಗೂ ವಂದನೆ. ವಿಚ್ಛೇದನ ಪಡೆದು ಮರುಮದುವೆಯಾಗದವರಿಗೆ, ವಿಚ್ಛೇದನವೊಂದೇ ಕಾರಣಕ್ಕೆ ಪರಮಪ್ರಸಾದಕ್ಕೆ (ಬಲಿಪೂಜೆಯಲ್ಲಿ ಕೊಡುವ ಪವಿತ್ರ ರೊಟ್ಟಿಗೆ) ಅಡ್ಡಿಯಿಲ್ಲ. ಇದನ್ನು ಯಾರೂ ಹೇಳದೆ ಎಷ್ಟು ಮಂದಿ ವೃಥಾ ಹಿಂದಿನ ಬೆಂಚಿನಲ್ಲೇ ಉಳಿದುಬಿಡುತ್ತಾರೋ! ನೋಂದಣಿ ಮದುವೆ ಮಾತ್ರ ಆಗಿ, ಬೇರೆ ಅಡ್ಡಿಯಿಲ್ಲದವರು ಗುರುಗಳು ಮತ್ತು ಇಬ್ಬರು ಸಾಕ್ಷಿಗಳ ಮುಂದೆ ಹೊಸದಾಗಿ ಸಮ್ಮತಿ ಕೊಟ್ಟರೆ ಆಯಿತು. ಸಂಗಾತಿ ಅದಕ್ಕೆ ಒಪ್ಪದಿದ್ದರೂ ಮೊದಲ ಸಮ್ಮತಿ ಉಳಿದಿದ್ದರೆ ಧರ್ಮಾಧ್ಯಕ್ಷರ (ಬಿಷಪ್ಪರ) ಮಟ್ಟದಲ್ಲಿ ದಾರಿಯುಂಟು. ಮರುಮದುವೆಯಾಗಿದ್ದರೆ, ಹಿಂದಿನ ವಿವಾಹ ಸಿಂಧುವೇ ಎಂಬುದು ಧರ್ಮಸಭೆಯ ನ್ಯಾಯಪೀಠಕ್ಕೆ ಹೋಗಬೇಕು. 2015ರಲ್ಲಿ ಪೋಪ್ ಫ್ರಾನ್ಸಿಸ್ ಅವರು ಎರಡನೇ ನ್ಯಾಯಪೀಠದ ಕಡ್ಡಾಯ ಒಪ್ಪಿಗೆಯನ್ನು ಕೈಬಿಟ್ಟದ್ದರಿಂದ ಒಂದು ಹಂತ ಕಡಿಮೆಯಾಗಿದೆ. ಅಸಿಂಧುವೆಂದು ತೀರ್ಪಾದರೆ ಮಕ್ಕಳು ಅನೌರಸರಾಗುತ್ತಾರೆಂಬುದು ಬರೀ ಭಯ.

ಇನ್ನು ಮನೆಯವರು. ಮಗ ಚರ್ಚಿಗೆ ಬರಲೆಂದು ಪ್ರತಿ ಊಟದಲ್ಲೂ ಅದೇ ಮಾತೆತ್ತುತ್ತಿದ್ದ ತಂದೆತಾಯಂದಿರು ಸುಮ್ಮನಾದದ್ದು ಸಣ್ಣ ಉಪಕಾರವಲ್ಲ. ಸಂತ ಮೋನಿಕಾ, ಆಗ ಚರ್ಚಿನಿಂದ ದೂರವಿದ್ದ ತನ್ನ ಮಗ ಅಗಸ್ಟೀನನ ಜತೆ ವಾದಿಸಿ ಎಂದು ಒಬ್ಬ ಧರ್ಮಾಧ್ಯಕ್ಷರನ್ನು ಬೇಡಿದಾಗ, ಅವರು ಒಪ್ಪದೆ, ಈಗ ಅವನನ್ನು ಬಿಡಿ, ಪ್ರಾರ್ಥಿಸಿ ಎಂದಿದ್ದರು. ಅಗಸ್ಟೀನನ ಜ್ಞಾನಸ್ನಾನವಾದದ್ದು ಎಷ್ಟೋ ವರ್ಷಗಳ ಮೇಲೆ, ಕ್ರಿ.ಶ. 387ರಲ್ಲಿ. ಮಕ್ಕಳ ನಂಬರನ್ನು ಅವರನ್ನು ಕೇಳದೆ ನಮಗೆ ಕೊಡದಿದ್ದಕ್ಕೂ, ಮೊಮ್ಮಗುವಿಗೆ ಗುಟ್ಟಾಗಿ ಜ್ಞಾನಸ್ನಾನ ಮಾಡಿಸಲು ಹೋಗದಿದ್ದಕ್ಕೂ ಅಜ್ಜ-ಅಜ್ಜಿಯರಿಗೆ ಧನ್ಯವಾದ. ಪ್ರಾಣಾಪಾಯವಿಲ್ಲದಿರುವಾಗ ತಂದೆತಾಯಿಯರಲ್ಲಿ ಒಬ್ಬರಾದರೂ ಒಪ್ಪಲೇಬೇಕು.

ಚರ್ಚಿನವರಿಂದಲೇ ನೋವುಂಡವರು ಅದನ್ನು ನಮ್ಮೆದುರು ಹೇಳಿದ್ದೇ ಹೆಚ್ಚು. ಅವರಿಗೆ "ಕ್ಷಮಿಸಿಬಿಡಿ" ಎನ್ನುವ ಹಕ್ಕು ನಮಗಿಲ್ಲ. ದೌರ್ಜನ್ಯದ ವಿಷಯವಾದರೆ ಪೊಲೀಸರಿಗೆ ದೂರು ಕೊಡುವ ದಾರಿ ಯಾವತ್ತೂ ತೆರೆದಿದೆ. ಅದರ ಜತೆಗೆ, ದೂರು ಸ್ವೀಕರಿಸುವ ವ್ಯವಸ್ಥೆ ಪ್ರತಿ ಧರ್ಮಪ್ರಾಂತ್ಯದಲ್ಲೂ (ಒಬ್ಬ ಧರ್ಮಾಧ್ಯಕ್ಷರ ವ್ಯಾಪ್ತಿಯಲ್ಲೂ) ಇರಬೇಕೆಂದು 2019ರಲ್ಲೇ ವಿಧಿಸಲಾಗಿದೆ. ಯಾರನ್ನು ಕಾಣಬೇಕೆಂದು ಬರೆದುಕೊಟ್ಟು ಜತೆಗೆ ಹೋದ ಗೆಳತಿಯರಿಗೆ ಕೃತಜ್ಞತೆ.

ಬಂದು, ಎಲ್ಲ ಹೇಳಿ, ಹಿಂತಿರುಗುವುದಿಲ್ಲ ಎಂದವರಿಗೂ ವಂದನೆ. ನೀವು ಹೇಳಿದಂತೆ ನಿಮ್ಮ ನಂಬರನ್ನು ಪಟ್ಟಿಯಿಂದ ತೆಗೆದಿದ್ದೇವೆ, ನಮ್ಮ ಕಡೆಯಿಂದ ಫೋನ್ ಬರುವುದಿಲ್ಲ. ನಿಮ್ಮ ಮನೆಯಲ್ಲಿ ಕಾಯಿಲೆಯೋ ಸಾವೋ ಸಂಭವಿಸಿ ಗುರುಗಳು ಬೇಕೆನಿಸಿದರೆ ಸಂಕೋಚವಿಲ್ಲದೆ ಕರೆಯಿರಿ. ರೋಗಿಗಳಿಗೆ ಎಣ್ಣೆ ಹಚ್ಚುವ ಸಂಸ್ಕಾರಕ್ಕೆ ಕೊನೆಯುಸಿರಿನವರೆಗೆ ಕಾಯಬೇಕಾಗಿಲ್ಲ.